ಜರ್ಮನಿಯಿಂದ ಸಂಶೋಧಕಿಯೊಬ್ಬರು ಬರ್ತಾರೆ, ಯಾವ ವೀಸಾ ಮಾಡಿಸಬೇಕು?

ಎಲೆಚುಕ್ಕೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಒಂದು ಸಂಸ್ಥೆಯಲ್ಲಿ ಸಸ್ಯರೋಗ ಪಾಠ ಮಾಡುತ್ತೇನೆ. ಅಡಿಕೆಯ ಎಲೆಚುಕ್ಕೆ ರೋಗದ ಮೇಲೆ ಕೆಲಸ. ಜರ್ಮನಿಯ ಒಬ್ಬ ಸಂಶೋಧಕಿ ಜೊತೆ ಎರಡು ವರ್ಷದಿಂದ ಮೇಲ್‌ನಲ್ಲೇ ಮಾತುಕತೆ ನಡೆದಿದೆ. ಈಗ ಅವರೇ ಬರುತ್ತೇನೆ ಅಂದಿದ್ದಾರೆ. ಮೇ ಕೊನೆಗೆ ಬಂದು, ಮಳೆಗಾಲ ಪೂರ್ತಿ ನೋಡಿ, ಡಿಸೆಂಬರ್‌ನಲ್ಲಿ ವಾಪಸ್. ಅಂದರೆ ಏಳು ತಿಂಗಳು. ಸಂಬಳ ಅವರ ವಿಶ್ವವಿದ್ಯಾಲಯದ್ದೇ. ನಮ್ಮದು ಲ್ಯಾಬ್‌ನಲ್ಲಿ ಒಂದು ಮೇಜು, ಸೂಕ್ಷ್ಮದರ್ಶಕ, ದಿನಕ್ಕೆರಡು ಕಾಫಿ ಅಷ್ಟೆ.

ಹೊಸನಗರದ ಕಡೆ ನಾಲ್ಕು ತೋಟ ಗುರುತು ಮಾಡಿಟ್ಟಿದ್ದೇವೆ. ಅದರಲ್ಲಿ ಒಂದು ನನ್ನ ಸೋದರಮಾವನದು. ವಾರಕ್ಕೊಮ್ಮೆ ಹೋಗಿ ಚುಕ್ಕೆ ಬಿದ್ದ ಸೋಗೆ ಕತ್ತರಿಸಿ ತಂದು, ಶಿಲೀಂಧ್ರ ಬೆಳೆಸಿ ನೋಡುವುದು ಯೋಜನೆ. ಮಳೆಗಾಲದಲ್ಲಿ ಶಿವಮೊಗ್ಗದಿಂದ ಓಡಾಡುವುದು ಕಷ್ಟ. ಅದಕ್ಕೆ ಅಲ್ಲೇ ಒಂದು ಹೋಂಸ್ಟೇಯಲ್ಲಿ ಇರುತ್ತಾರೆ.

ಸಮಸ್ಯೆ ಏನೆಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ನಮ್ಮ ಎಚ್‌ಓಡಿ (ವಿಭಾಗದ ಮುಖ್ಯಸ್ಥರು) "ಟೂರಿಸ್ಟ್ ವೀಸಾದಲ್ಲಿ ಬರಲಿ, ಅಡಿಕೆ ತೋಟದೊಳಗೆ ಯಾರು ಬಂದು ಕೇಳ್ತಾರೆ" ಅಂತಾರೆ. ಟ್ರಾವೆಲ್ಸ್‌ನವರು ಇ-ಬಿಸಿನೆಸ್ ಅಂತಾರೆ. ಆಫೀಸಿನಲ್ಲಿ ಕೇಳಿದರೆ "ಇಂಥದ್ದು ಇದುವರೆಗೆ ಬಂದಿಲ್ಲ ಮೇಡಂ, ನೀವೇ ಬರೆದುಕೊಡಿ, ಪುಟ್‌ಅಪ್ ಮಾಡ್ತೀವಿ." ಏನು ಬರೆಯಬೇಕು ಅಂತಲೇ ಗೊತ್ತಿಲ್ಲವಲ್ಲ! ವೀಸಾಕ್ಕೆ ಅರ್ಜಿ ಹಾಕುವುದು ಯಾರು, ನಾವಾ ಅವರಾ? ಬಂದ ಮೇಲೆ ನಮ್ಮ ಕೆಲಸ ಏನಾದರೂ ಇದೆಯಾ? ಗೊತ್ತಿದ್ದವರು ಹೇಳಿ.

ಗೋಪಿಸರ್ಕಲ್ ಉತ್ತರ:

ಇಷ್ಟಕ್ಕೆಲ್ಲಾ ತಲೆ ಕೆಡಿಸ್ಕೋಬೇಡಿ. ನನ್ನ ಫ್ರೆಂಡ್ ಮನೆಗೆ ಫ್ರಾನ್ಸಿನವರು ಬಂದಿದ್ರು, ಇ-ಟೂರಿಸ್ಟ್ ವೀಸಾ. ಮನೆಯಲ್ಲೇ ಕೂತು ಫಾರಂ ತುಂಬಿದ್ರು, ಕೆಲವೇ ದಿನದಲ್ಲಿ ಬಂತು. ಹಂಪಿ, ಜೋಗ ಎಲ್ಲಾ ನೋಡಿಕೊಂಡು ಹೋದ್ರು. ಯಾರೂ ಏನೂ ಕೇಳಲಿಲ್ಲ.

ಹಳೇಫೈಲು ಉತ್ತರ:

ಗೋಪಿಸರ್ಕಲ್ ಅವರೇ, ಜೋಗ ನೋಡೋದಕ್ಕೆ ಅದೇ ಸರಿಯಾದ ವೀಸಾ. ಅದರ ಬಗ್ಗೆ ತಕರಾರಿಲ್ಲ. ಆದರೆ ಈ ತಂಗಿ ಕೇಳುತ್ತಿರುವುದು ಬೇರೆ.

ನಾನು 31 ವರ್ಷ ವಿಶ್ವವಿದ್ಯಾಲಯದ ಅಕಾಡೆಮಿಕ್ ಸೆಕ್ಷನ್‌ನಲ್ಲಿ ಫೈಲು ಹೊತ್ತವನು. ಯಾವ ವಿಶ್ವವಿದ್ಯಾಲಯ ಅಂತ ಕೇಳಬೇಡಿ. ಈಗ ತೀರ್ಥಹಳ್ಳಿ ಹತ್ತಿರ ಒಂದೆಕರೆ ತೋಟ. ನಿಮ್ಮ ಎಲೆಚುಕ್ಕೆ ನಮ್ಮಲ್ಲೂ ಇದೆ, ಹಾಗಾಗಿ ಈ ಹುಡುಗಿ ಬಂದರೆ ನನಗೂ ಲಾಭವೇ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಎಷ್ಟು ದಿನ ಇರುತ್ತಾರೆ ಅನ್ನೋದು ಆಮೇಲಿನ ಮಾತು. ಬಂದು ಏನು ಮಾಡುತ್ತಾರೆ ಅನ್ನೋದು ಮೊದಲು. ನಿಮ್ಮ ಅತಿಥಿ ಬರುವುದು ಸಂಶೋಧನೆಗೆ. ಆದ್ದರಿಂದ ಬೇಕಾದ್ದು ರಿಸರ್ಚ್ ವೀಸಾ. ಎಚ್‌ಓಡಿಯವರಿಗೆ ಒಂದು ಕಾಫಿ ಕುಡಿಸಿ ಈ ಮಾತು ಹೇಳಿ. ಬಿಸಿ ಇದ್ದಾಗಲೇ ಹೇಳಿ.

ಇನ್ನು ನೀವು ಕೇಳಿದ ಉಳಿದ ವೀಸಾಗಳು ಯಾವಾಗ ಬರುತ್ತವೆ ಅಂದರೆ, ಹೊರದೇಶದ ಪ್ರೊಫೆಸರ್ ಒಬ್ಬರು ಕೇಂದ್ರದ ಜ್ಞಾನ್ ಯೋಜನೆಯಲ್ಲಿ ಬಂದು ಒಂದೆರಡು ವಾರ ಪಾಠ ಮಾಡಿ ಹೋಗುತ್ತಾರೆ ಅಂದುಕೊಳ್ಳಿ. 2015ರಲ್ಲಿ ಶುರುವಾದ ಯೋಜನೆ ಅದು. ಅಂಥವರಿಗೆ ಬಿಸಿನೆಸ್ ವೀಸಾ ಅಥವಾ ಇ-ಬಿಸಿನೆಸ್ ನಡೆಯುತ್ತದೆ. ನಿಮ್ಮ ಟ್ರಾವೆಲ್ಸ್‌ನವರು ಅದನ್ನೇ ಎಲ್ಲೋ ಕೇಳಿರಬೇಕು. ಮೂರು ದಿನದ ವಿಚಾರ ಸಂಕಿರಣಕ್ಕೆ ಬಂದರೆ ಕಾನ್ಫರೆನ್ಸ್ ವೀಸಾ. ಅದರಲ್ಲಿ ಅತಿಥಿಗಿಂತ ಕರೆಯುವವರಿಗೇ ಕೆಲಸ ಜಾಸ್ತಿ. ದೆಹಲಿಯಿಂದ ಕಾರ್ಯಕ್ರಮಕ್ಕೆ ಒಪ್ಪಿಗೆ ತರಿಸಿಕೊಳ್ಳಬೇಕು. ಬ್ಯಾನರ್ ಪ್ರಿಂಟ್ ಆಗಿ, ಊಟದವರಿಗೆ ಅಡ್ವಾನ್ಸ್ ಕೊಟ್ಟಾದ ಮೇಲೆ ಒಪ್ಪಿಗೆ ನೆನಪಾದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ನೀವೇ ಸಂಬಳ ಕೊಟ್ಟು ಕೆಲಸಕ್ಕೆ ಇಟ್ಟುಕೊಂಡರೆ ಎಂಪ್ಲಾಯ್‌ಮೆಂಟ್ ವೀಸಾ. ಅದಕ್ಕೆ ಸಾಮಾನ್ಯವಾಗಿ ವರ್ಷಕ್ಕೆ 16.25 ಲಕ್ಷ ರೂಪಾಯಿಗಿಂತ ಜಾಸ್ತಿ ಸಂಬಳ ಇರಬೇಕು ಅನ್ನುವ ಮಿತಿ ಇದೆ. ನಮ್ಮ ಗೆಸ್ಟ್ ಲೆಕ್ಚರರ್‌ಗಳು ಇದನ್ನು ಓದದಿರಲಿ. ನಿಮ್ಮ ಅತಿಥಿಗೆ ದುಡ್ಡು ಅವರ ಕಡೆಯಿಂದಲೇ ಬರುವುದರಿಂದ ಇದು ನಿಮಗೆ ಬೇಡ.

ಟೂರಿಸ್ಟ್ ವೀಸಾ ಯಾಕೆ ಬೇಡ ಅಂತ ಒಂದು ಕಥೆ ಹೇಳುತ್ತೇನೆ. ಬಹಳ ಹಿಂದಿನ ಮಾತು. ಹೊರದೇಶದ ಒಬ್ಬ ಹುಡುಗ ಜಾನಪದ ಅಧ್ಯಯನಕ್ಕೆ ಅಂತ ಬಂದಿದ್ದ. ಕರೆದವರು "ಟೂರಿಸ್ಟ್ ಸಾಕು" ಅಂದಿದ್ದರು. ಎರಡು ತಿಂಗಳು ಚೆನ್ನಾಗೇ ನಡೆಯಿತು. ಆಮೇಲೆ ಇನ್ನೂ ಸ್ವಲ್ಪ ದಿನ ಬೇಕು ಅಂತ ಅವನೇ ಅರ್ಜಿ ತೆಗೆದುಕೊಂಡು ಹೋದ. ಕಾರಣ ಅನ್ನುವ ಜಾಗದಲ್ಲಿ ಪಾಪ, ಇದ್ದದ್ದು ಇದ್ದ ಹಾಗೆ 'ಸಂಶೋಧನೆ' ಅಂತ ಬರೆದ. ಮುಗೀತು. ಇಲ್ಲಿದ್ದುಕೊಂಡೇ ಬೇರೆ ವೀಸಾಕ್ಕೆ ಬದಲಾಯಿಸಿಕೊಳ್ಳಲು ಆಗಲಿಲ್ಲ. ಊರಿಗೆ ವಾಪಸ್ ಹೋದ. ಅವನ ಎರಡು ಟ್ರಂಕ್ ಕ್ಯಾಸೆಟ್ಟು ನಮ್ಮ ಸೆಕ್ಷನ್ನಿನ ಬೀರುವಿನ ಮೇಲೆ ಎಷ್ಟೋ ವರ್ಷ ಕೂತಿತ್ತು. ಕರೆದವರ ಮೇಲೆ ಏನೂ ಆಗಲಿಲ್ಲ. ಅನುಭವಿಸಿದ್ದು ಆ ಹುಡುಗ. ಇ-ವೀಸಾದಲ್ಲಂತೂ ಅವಧಿ ಹೆಚ್ಚಿಸುವುದೂ ಇಲ್ಲ, ಬೇರೆ ವೀಸಾ ಆಗಿ ಬದಲಾಗುವುದೂ ಇಲ್ಲ ಅಂತ ಸರ್ಕಾರದ ಇ-ವೀಸಾ ವೆಬ್‌ಸೈಟಿನಲ್ಲೇ ಬರೆದಿದೆ.

ಅರ್ಜಿ ಹಾಕುವುದು ಅವರು, ಅವರ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಗೆ. ನಿಮ್ಮ ಕೆಲಸ ಪತ್ರ ಕೊಡುವುದು. ಎಲ್ಲಾ ಇರುವುದು ಆ ಪತ್ರದಲ್ಲೇ. ನಿಮ್ಮ ಸಹಿ ಸಾಲದು, ರಿಜಿಸ್ಟ್ರಾರ್ ಸಹಿ ಹಾಕಿಸಿ, ಲೆಟರ್‌ಹೆಡ್ ಮೇಲೆ. ಅದರಲ್ಲಿ ವಿಷಯ ಏನು, ಯಾವ ತಾರೀಖಿನಿಂದ ಯಾವ ತಾರೀಖು, ಯಾರ ಕೈಕೆಳಗೆ ಕೆಲಸ, ಯಾವ ತಾಲ್ಲೂಕಿನ ಯಾವ ಯಾವ ಊರಿಗೆ ಹೋಗುತ್ತಾರೆ, ಎಲ್ಲಿ ಉಳಿಯುತ್ತಾರೆ, ಖರ್ಚು ಯಾರದು, ಇಷ್ಟೂ ಇರಲಿ. "ವಿವಿಧ ಶೈಕ್ಷಣಿಕ ಚಟುವಟಿಕೆಗಳಲ್ಲಿ ಭಾಗವಹಿಸಲು" ಅಂತ ಮಾತ್ರ ಬರೆಯಬೇಡಿ. ನಮ್ಮ ಆಫೀಸುಗಳಿಗೆ ಆ ಸಾಲು ಬಹಳ ಪ್ರೀತಿ. ಓದುವವನಿಗೆ ಅನುಮಾನ ಹುಟ್ಟಿಸುವುದೂ ಅದೇ ಸಾಲು. ದುಡ್ಡಿನ ಬಗ್ಗೆ ಅವರ ವಿಶ್ವವಿದ್ಯಾಲಯದ ಪತ್ರವನ್ನೂ ಜೊತೆಗಿಡಲಿ. ವಿಷಯ ಸೂಕ್ಷ್ಮವಾಗಿದ್ದರೆ, ಅಥವಾ ಗಡಿ ಭಾಗದ ನಿರ್ಬಂಧಿತ ಜಾಗಕ್ಕೆ ಹೋಗುವುದಿದ್ದರೆ ಕಡತ ದೆಹಲಿಗೆ ಹೋಗಿ ತಿಂಗಳುಗಟ್ಟಲೆ ಆಗಬಹುದು. ಹೊಸನಗರ ಅಂಥ ಜಾಗ ಅಲ್ಲ. ಆದರೂ ಜನವರಿಯಲ್ಲೇ ಪತ್ರ ಹೋಗಲಿ. ಮೇ ತಿಂಗಳಲ್ಲಿ ಓಡಾಡಿದರೆ ಆಗಲ್ಲ.

ಇನ್ನೊಂದು ಮಾತು, ಯಾರೂ ಹೇಳದೇ ಇರುವುದು. ವೀಸಾ ಸಿಕ್ಕಿದರೆ ಮನುಷ್ಯರು ಬರಬಹುದು. ನಿಮ್ಮ ಶಿಲೀಂಧ್ರಕ್ಕೆ ಬೇರೆ ಕಾನೂನು. 2002ರ ಜೀವವೈವಿಧ್ಯ ಕಾಯ್ದೆಯ 3ನೇ ಸೆಕ್ಷನ್ ಓದಿ. ಹೊರದೇಶದವರು ಇಲ್ಲಿನ ಗಿಡ, ಪ್ರಾಣಿ, ಸೂಕ್ಷ್ಮಜೀವಿ ಯಾವುದನ್ನೇ ಸಂಶೋಧನೆಗೆ ತೆಗೆದುಕೊಳ್ಳುವುದಕ್ಕೂ ಮೊದಲು ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ತೋಟ ನಿಮ್ಮ ಮಾವನದೇ ಇರಲಿ, ಮಾವನ ಒಪ್ಪಿಗೆಯಿಂದ ಈ ಒಪ್ಪಿಗೆ ಬಂದ ಹಾಗಾಗುವುದಿಲ್ಲ. 5ನೇ ಸೆಕ್ಷನ್‌ನಲ್ಲಿ ಒಂದು ಬಾಗಿಲು ಇದೆ. ಎರಡು ದೇಶದ ಸಂಸ್ಥೆಗಳ ಜಂಟಿ ಯೋಜನೆಗೆ ಕೇಂದ್ರ ಸರ್ಕಾರದ ಮಾರ್ಗಸೂಚಿ ಪ್ರಕಾರ ಅನುಮೋದನೆ ಸಿಕ್ಕಿದ್ದರೆ ವಿನಾಯಿತಿ ಉಂಟು. ನಿಮ್ಮದು ಮೇಲ್‌ನಲ್ಲಿ ಶುರುವಾದ ಸ್ನೇಹ. ಅದು ಜಂಟಿ ಯೋಜನೆ ಅನ್ನಿಸಿಕೊಳ್ಳುವುದಿಲ್ಲ. ಇದಕ್ಕೂ ಈಗಲೇ ಕೈ ಹಾಕಿ, ವೀಸಾಕ್ಕಿಂತ ಇದೇ ತಡ ಆಗಬಹುದು. ಹೋಗುವಾಗ ಸೂಟ್‌ಕೇಸಿನಲ್ಲಿ ಒಂದು ಪೆಟ್ರಿ ತಟ್ಟೆ ಇಟ್ಟುಕೊಂಡು ಹೋಗುತ್ತೇನೆ ಅಂದರೆ ಖಂಡಿತ ಬೇಡ.

ಮತ್ತೆ ತೋಟದ ಮೇಲಿನ ಸೊಪ್ಪಿನಬೆಟ್ಟಕ್ಕೆ ಕಾಲಿಡುವ ಮೊದಲು ಯೋಚಿಸಿ. ಸೊಪ್ಪು ತರುವ ಹಕ್ಕು ನಮ್ಮದು, ಜಾಗ ನಮ್ಮದಲ್ಲ. ಸ್ಯಾಂಪಲ್ ಬೇಕಿದ್ದರೆ ಅರಣ್ಯ ಇಲಾಖೆಗೆ ಬರೆಯಬೇಕು.

ಎಲೆಚುಕ್ಕೆ:

ಸರ್, ತುಂಬಾ ಥ್ಯಾಂಕ್ಸ್. ಜೀವವೈವಿಧ್ಯ ಕಾಯ್ದೆ ವಿಷಯ ಗೊತ್ತಿತ್ತು, ಆದರೆ ಅದು ಕಾಡಿನ ಗಿಡಮೂಲಿಕೆಗೆ ಮಾತ್ರ ಅಂದುಕೊಂಡಿದ್ದೆ. ಅಡಿಕೆ ಸೋಗೆಯ ಚುಕ್ಕೆಗೂ ಚೆನ್ನೈಗೆ ಬರೆಯಬೇಕು ಅಂತ ಹೊಳೆದೇ ಇರಲಿಲ್ಲ. ಇಷ್ಟೆಲ್ಲಾ ಯಾಕೆ ಸರ್? ರೋಗ ನಮ್ಮದು, ಕಷ್ಟ ನಮ್ಮದು, ಸಹಾಯಕ್ಕೆ ಬರುವವರಿಗೆ ನಾವೇ ಹತ್ತು ಬಾಗಿಲು ಹಾಕಿ ನಿಲ್ಲಿಸುತ್ತೇವೆ ಅನಿಸುತ್ತೆ.

ಇನ್ನೊಂದು ಪ್ರಶ್ನೆ. ಏಳು ತಿಂಗಳ ಬದಲು ಐದೂವರೆ ತಿಂಗಳು ಮಾಡಿದರೆ ಪೊಲೀಸ್ ಆಫೀಸ್ ಓಡಾಟ ತಪ್ಪುತ್ತೆ ಅಂತ ಯಾರೋ ಹೇಳಿದರು. ಹೌದಾ?

ಹಳೇಫೈಲು:

ಹೌದು, ಅದಕ್ಕೆ ಅರ್ಥ ಇದೆ. 180 ದಿನಕ್ಕಿಂತ ಜಾಸ್ತಿ ಅವಧಿಯ ರಿಸರ್ಚ್ ವೀಸಾದಲ್ಲಿ ಬಂದವರು, ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಮಾಡಿಸಬೇಕು. ಮೊದಲು ಎಸ್‌ಪಿ ಆಫೀಸಿನ ಬೆಂಚಿನ ಮೇಲೆ ಕೂರಬೇಕಿತ್ತು. ವಿದೇಶಿಯರ ನೋಂದಣಿ ಕಚೇರಿಗೆ ಎಫ್‌ಆರ್‌ಆರ್‌ಓ ಅಂತಾರೆ, 2018ರಿಂದ ಅದು ಇ-ಎಫ್‌ಆರ್‌ಆರ್‌ಓ ಅಂತ ಆನ್‌ಲೈನ್ ಆಗಿದೆ. ಪತ್ರ, ಪಾಸ್‌ಪೋರ್ಟ್, ವಿಳಾಸದ ದಾಖಲೆ ಸ್ಕ್ಯಾನ್ ಮಾಡಿ ಹಾಕುವುದು ಅಷ್ಟೆ. ಅದೊಂದು ತಪ್ಪಿಸಿಕೊಳ್ಳಲು ಒಂದೂವರೆ ತಿಂಗಳ ಕೆಲಸ ಬಿಡುವುದು ಮೂರ್ಖತನ. ಕೊಯ್ಲಿನ ಹೊತ್ತಿಗೆ ಮರ ಹೇಗಿದೆ ಅಂತ ನೋಡದೇ ಹೋದರೆ ಏನು ನೋಡಿದ ಹಾಗಾಯಿತು?

ಯಾಕೆ ಇಷ್ಟೆಲ್ಲಾ ಅಂತ ಕೇಳಿದಿರಿ. ನಾನೂ ಫೈಲು ಹಿಡಿದುಕೊಂಡು ಎಷ್ಟೋ ಸಲ ಇದನ್ನೇ ಕೇಳಿಕೊಂಡಿದ್ದೇನೆ. 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನಕ್ಕೆ ಬಂದರು. ನಮ್ಮ ಅಡಿಕೆಯ ಕೊಳೆರೋಗವನ್ನು ಕೂತು ಅಭ್ಯಾಸ ಮಾಡಿದರು. ಈಗಲೂ ನಾವು ಮಳೆ ಹಿಡಿಯುವ ಮೊದಲು ಮೈಲುತುತ್ತ, ಸುಣ್ಣ ಕಲಸಿ ಅಡಿಕೆ ಗೊನೆಗೆ ಹೊಡೆಯುತ್ತೇವಲ್ಲ, ಆ ಬೋರ್ಡೋ ದ್ರಾವಣ ನಮ್ಮ ತೋಟಕ್ಕೆ ಹತ್ತಿಸಿದವರು ಅವರು. ಅದಕ್ಕೂ ಮೊದಲು ಮಳೆ ತಾಗದ ಹಾಗೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುವುದೇ ಗತಿ. ಹೊರಗಿನವರು ಬಂದರೆ ಒಳ್ಳೆಯದಾಗುತ್ತದೆ ಅನ್ನೋದಕ್ಕೆ ನಮ್ಮ ಮರಗಳೇ ಸಾಕ್ಷಿ.

ಇನ್ನೊಂದು ಮಗ್ಗುಲೂ ನಮ್ಮ ಜಿಲ್ಲೆಯದೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗ ಸತ್ತು ಬಿದ್ದವಲ್ಲ, ಆಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಜೊತೆ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ವಿಜ್ಞಾನಿಗಳು ಬಂದರು. ಕಾಯಿಲೆ ಯಾವುದು, ಹರಡುವುದು ಉಣುಗಿನಿಂದ ಅಂತ ಬೇಗ ಕಂಡುಹಿಡಿದರು. ಈ ವೈರಸ್ ರಷ್ಯಾ ಕಡೆಯ ಒಂದು ವೈರಸ್‌ನ ಹತ್ತಿರದ ನೆಂಟ. ಹಾಗಾಗಿ ವಲಸೆ ಹಕ್ಕಿಗಳು ತಂದವೇನೋ ಅಂತ ಹಕ್ಕಿ ಹಿಡಿದು ಉಂಗುರ ತೊಡಿಸುವ ಕೆಲಸಕ್ಕೂ ಹೊರಗಿನ ದುಡ್ಡು ಬಂತು. ಆ ದುಡ್ಡಿನಲ್ಲಿ ಮಿಲಿಟರಿ ಪಾಲೂ ಇತ್ತು ಅಂತ ಗೊತ್ತಾದ ಮೇಲೆ 1970ರ ದಶಕದಲ್ಲಿ ದೊಡ್ಡ ಗಲಾಟೆ. ಸಂಸತ್ತಿನ ಲೆಕ್ಕಪತ್ರ ಸಮಿತಿಯೇ ಅದನ್ನು ಕೆದಕಿತು. ಆಮೇಲೆ ಹೊರದೇಶದ ಸಂಶೋಧಕರು ಅಂದರೆ ಫೈಲಿನ ಮೇಲೆ ಒಂದು ಸಹಿ ಜಾಸ್ತಿ. ಸರಿಯೋ ತಪ್ಪೋ, ಆ ಸಹಿ ಸುಮ್ನೆ ಬಂದದ್ದಲ್ಲ.

ಶರಾವತಿ_ಹೋಂಸ್ಟೇ:

ನಾನು ಹೊಸನಗರ ಕಡೆಯವಳೇ, ಎಂಟು ವರ್ಷದಿಂದ ಹೋಂಸ್ಟೇ ನಡೆಸ್ತಿದ್ದೇನೆ. ಒಂದು ವಿಷಯ ಯಾರೂ ಹೇಳಲಿಲ್ಲ ಮಾರಾಯ್ರೆ. ಫಾರಿನರ್ಸ್ ಬಂದು ಉಳಿದರೆ 24 ಗಂಟೆಯೊಳಗೆ ನಾವು ಆನ್‌ಲೈನ್‌ನಲ್ಲಿ ತಿಳಿಸಬೇಕು. ಎಲ್ಲರೂ ಸಿ-ಫಾರಂ ಅಂತಾರೆ. ಹೋಂಸ್ಟೇ ಮಾತ್ರ ಅಲ್ಲ, ನಿಮ್ಮ ಮಾವನ ಮನೆಯಲ್ಲಿ ಉಳಿಸಿಕೊಂಡರೆ ಅವರೂ ತಿಳಿಸಬೇಕು. ಗೆಸ್ಟ್‌ಹೌಸ್‌ಗೂ ಅದೇ.

ಮೊದಲ ವರ್ಷ ನನಗೆ ಇದು ಗೊತ್ತಿರಲಿಲ್ಲ. ಬೆಲ್ಜಿಯಂನ ಇಬ್ಬರು ಬಂದಿದ್ದರು. ಜುಲೈ ತಿಂಗಳು, ಕರೆಂಟ್ ಹೋಗಿ ಮೂರು ದಿನ, ಟವರ್ ಕೂಡ ಸತ್ತು ಹೋಗಿತ್ತು. ನಾಲ್ಕನೇ ದಿನ ಬೀಟ್ ಪೊಲೀಸ್ ಬಂದು ಕೇಳಿದರು. ನಮ್ಮ ಮನೆಯವರು "ಮಳೆ ಸಾರ್" ಅಂದರು. "ಮಳೆ ನಮಗೂ ಬರುತ್ತೆ" ಅಂದರು ಅವರು. ಬೈದು, ಕಷಾಯ ಕುಡಿದು, ಲಾಗಿನ್ ಮಾಡಿಸಿಕೊಳ್ಳೋದು ಹೇಗೆ ಅಂತ ಹೇಳಿಕೊಟ್ಟು ಹೋದರು. ಈಗ ಮಳೆಗಾಲದಲ್ಲಿ ಫಾರಿನರ್ಸ್ ಬಂದರೆ ಬಾಗಿಲಲ್ಲೇ ಪಾಸ್‌ಪೋರ್ಟ್, ವೀಸಾ ಫೋಟೋ ತೆಗೆದುಕೊಂಡು, ಬ್ಯಾಗ್ ಇಳಿಸೋಕೆ ಮುಂಚೆ ಅಪ್‌ಲೋಡ್ ಮಾಡ್ತೇನೆ. ನೆಟ್‌ವರ್ಕ್ ಇಲ್ಲದಿದ್ದರೆ ಮಗ ಬೈಕಿನಲ್ಲಿ ನಗರದ ಕಡೆ ಹೋಗ್ತಾನೆ. ನಿಮ್ಮ ಗೆಸ್ಟ್ ಶಿವಮೊಗ್ಗ, ಹೊಸನಗರ ಅಂತ ಓಡಾಡ್ತಾ ಇದ್ದರೆ ಪ್ರತಿ ಸಲ ಬಂದು ಉಳಿದಾಗಲೂ ಹಾಕಬೇಕು.

ಹಳೇಫೈಲು:

ಸರಿಯಾಗಿ ಹೇಳಿದಿರಿ ಅಮ್ಮ. ನಾನು ಆಫೀಸಿನವನು, ಆಫೀಸಿನ ಕಾಗದ ಮಾತ್ರ ನೆನಪಾಯಿತು. 2025ರ ಸೆಪ್ಟೆಂಬರ್‌ನಿಂದ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಜಾರಿಯಲ್ಲಿದೆ. ಉಳಿಸಿಕೊಂಡವರ ಹೊಣೆ, ಸಂಸ್ಥೆಯ ಹೊಣೆ ಎರಡೂ ಅದರಲ್ಲೂ ಮುಂದುವರಿದಿವೆ. ಎಲೆಚುಕ್ಕೆ ಮೇಡಂ, ನಿಮ್ಮ ಸಂಸ್ಥೆಯೂ ತನ್ನ ಕಡೆಯಿಂದ ವಿವರ ಕೊಡಬೇಕಾಗುತ್ತದೆ. ಆ ಕೆಲಸ ಯಾರದು ಅಂತ ಒಬ್ಬರ ಹೆಸರು ಆರ್ಡರ್‌ನಲ್ಲೇ ಹಾಕಿಸಿ. ಇಲ್ಲದಿದ್ದರೆ ಎಲ್ಲರೂ ಇನ್ನೊಬ್ಬರು ಮಾಡಿರುತ್ತಾರೆ ಅಂದುಕೊಳ್ಳುತ್ತಾರೆ.

ಕೊಪ್ಪ_ಟು_ಡಲ್ಲಾಸ್:

ನಡುವೆ ಬಾಯಿ ಹಾಕ್ತಾ ಇದ್ದೇನೆ, ಕ್ಷಮಿಸಿ. ನನ್ನ ಹೆಂಡತಿ ಇಲ್ಲಿ ಪಿಎಚ್‌ಡಿ ಮಾಡ್ತಿದ್ದಾಳೆ. ಮಲೆನಾಡಿನ ಕೆರೆಗಳ ಮೇಲೆ ಕೆಲಸ. ಅವಳದು ಅಮೆರಿಕದ ಪಾಸ್‌ಪೋರ್ಟ್, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಇದೆ. ಓಸಿಐ ಇದ್ದರೆ ವೀಸಾ ಗೊಡವೆ ಇಲ್ಲ ಅಲ್ವಾ? ಸೀದಾ ಬಂದು ಕೆಲಸ ಶುರು ಮಾಡಬಹುದು ತಾನೇ?

ಹಳೇಫೈಲು:

ಬರಬಹುದು, ಅಜ್ಜಿ ಮನೆಯಲ್ಲಿ ಎಷ್ಟು ದಿನ ಬೇಕಾದರೂ ಇರಬಹುದು. ಸಂಶೋಧನೆ ಮಾತ್ರ ಸೀದಾ ಶುರು ಮಾಡುವ ಹಾಗಿಲ್ಲ. 2021ರ ಮಾರ್ಚ್‌ನಲ್ಲಿ ಬಂದ ಅಧಿಸೂಚನೆಯ ಪ್ರಕಾರ ಓಸಿಐ ಕಾರ್ಡ್‌ನವರೂ ಸಂಶೋಧನೆಗೆ ವಿಶೇಷ ಅನುಮತಿ ತೆಗೆದುಕೊಳ್ಳಬೇಕು. ರಾಯಭಾರ ಕಚೇರಿಯಲ್ಲಿ ಕೇಳಬಹುದು, ಇಲ್ಲವೇ ಇಲ್ಲಿನ ಎಫ್‌ಆರ್‌ಆರ್‌ಓ ಮೂಲಕ. ಕೆರೆಯ ನೀರಿನಿಂದ ಪಾಚಿ, ಮೀನು ಏನಾದರೂ ತೆಗೆಯುವುದಿದ್ದರೆ ಚೆನ್ನೈಯ ಒಪ್ಪಿಗೆಯೂ ಬೇಕು. ಆ ಕಾಯ್ದೆಗೆ ಪಾಸ್‌ಪೋರ್ಟ್ ಅಮೆರಿಕದ್ದಾದರೆ ಅವರು ಹೊರಗಿನವರೇ.

ಎಲೆಚುಕ್ಕೆ:

ಸ್ವಲ್ಪ ಅಪ್‌ಡೇಟ್. ಎಚ್‌ಓಡಿಗೆ ಕಾಫಿ ಕುಡಿಸಿದೆ. "ಹಾಗಾದ್ರೆ ನೀವೇ ನೋಡ್ಕೊಳ್ಳಿ" ಅಂದರು, ಅದನ್ನೇ ಒಪ್ಪಿಗೆ ಅಂದುಕೊಂಡಿದ್ದೇನೆ. ಪತ್ರದ ಕರಡು ರಿಜಿಸ್ಟ್ರಾರ್ ಟೇಬಲ್ ಮೇಲಿದೆ. ನಾಲ್ಕೂ ತೋಟದ ಊರು, ಸರ್ವೆ ನಂಬರ್ ಸಮೇತ ಹಾಕಿದೆ. ಸೊಪ್ಪಿನಬೆಟ್ಟ ಬಿಟ್ಟುಬಿಟ್ಟೆವು. ಚೆನ್ನೈಗೆ ಅರ್ಜಿ ತಯಾರಾಗುತ್ತಿದೆ. ಅದು ಮೇ ಒಳಗೆ ಬರದಿದ್ದರೆ ಅವರು ಬರುವುದನ್ನೇ ಮುಂದಕ್ಕೆ ಹಾಕೋಣ ಅಂತ ಮೊನ್ನೆ ಮಾತಾಡಿಕೊಂಡೆವು. ಅವರಿಗೆ ಬೇಜಾರಾಯಿತು, ನನಗೂ. ಆದರೆ ಬೀರುವಿನ ಮೇಲಿನ ಟ್ರಂಕ್ ಕಥೆ ಹೇಳಿದ ಮೇಲೆ ಅವರೇ ಸರಿ ಅಂದರು.

ಕೊನೇ ಪ್ರಶ್ನೆ. ತೋಟದಲ್ಲಿ ಫೋನ್ ಸಿಗ್ನಲ್ ಇಲ್ಲ ಅಂದಿದ್ದಕ್ಕೆ ಅವರು ಸ್ಯಾಟಲೈಟ್ ಫೋನ್ ತರ್ತಾರಂತೆ. ಒಂದು ಚಿಕ್ಕ ಡ್ರೋನ್ ಕೂಡ. ತರಬಹುದಾ?

ಹಳೇಫೈಲು:

ಅಯ್ಯೋ ಬೇಡ! ಇವತ್ತೇ ಮೇಲ್ ಮಾಡಿ. ಪರವಾನಗಿ ಇಲ್ಲದೆ ಸ್ಯಾಟಲೈಟ್ ಫೋನ್ ತಂದು ಏರ್‌ಪೋರ್ಟ್‌ನಲ್ಲೇ ಬಂಧನ ಆದ ವಿದೇಶಿಯರಿದ್ದಾರೆ. ಅವರ ದೇಶದಲ್ಲಿ ಅದು ಟ್ರೆಕ್ಕಿಂಗ್ ಸಾಮಾನು, ಇಲ್ಲಿ ಕೇಸು. ಉಪಗ್ರಹದಿಂದ ಮೆಸೇಜ್ ಕಳಿಸುವ ಪುಟ್ಟ ಯಂತ್ರಗಳಿಗೂ ಅದೇ ಗತಿ. ಡ್ರೋನ್ ಹೊರಗಿನಿಂದ ತರುವುದಕ್ಕೆ 2022ರಿಂದ ನಿರ್ಬಂಧ ಇದೆ. ಮೇಲಿಂದ ಫೋಟೋ ಬೇಕೇ ಬೇಕು ಅಂದರೆ ಇಲ್ಲಿನ ಪರವಾನಗಿ ಇರುವವರನ್ನು ಕರೆಸಿ. ಇಲ್ಲದಿದ್ದರೆ ಅಡಿಕೆ ಗೊನೆ ಕೊಯ್ಯುವ ಕೊನೆಗಾರನ ಕೈಗೆ ಮೊಬೈಲ್ ಕೊಟ್ಟು ಮರ ಹತ್ತಿಸಿ. ನಮ್ಮ ಕೊನೆಗಾರ ಮೇಲಿಂದ ವಿಡಿಯೋ ಮಾಡಿ ಸ್ಟೇಟಸ್ ಹಾಕುತ್ತಾನೆ, ಯಾವ ಡ್ರೋನೂ ಅಷ್ಟು ಚೆನ್ನಾಗಿ ತೆಗೆಯುವುದಿಲ್ಲ.

ಶರಾವತಿ_ಹೋಂಸ್ಟೇ:

ನಮ್ಮಲ್ಲಿ ರೂಮ್ ಇದೆ, ಮಳೆಗಾಲದ ರೇಟಿಗೆ ಕೊಡ್ತೇನೆ. ಲ್ಯಾಂಡ್‌ಲೈನ್ ಕೂಡ ಇದೆ, ಮಳೆ ಬಿಟ್ಟಾಗ ಕೆಲಸ ಮಾಡುತ್ತೆ. ಉಂಬಳಕ್ಕೆ (ಜಿಗಣೆಗೆ) ಹೆದರೋರಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.